ನನ್ನ ಜಗುಲಿಯ ಮೋಟಾರ್ ಸ್ಟ್ಯಾಂಡು

ಮೋಟಾರ್ ಸ್ಟ್ಯಾಂಡು ಊರಿನಲ್ಲಿ ಎಲ್ಲಿರಬೇಕು ಎಂಬ ವಿಷಯದಲ್ಲಿ ಮನುಷ್ಯರಲ್ಲಿ ನಿಜವಾಗಿ ಭಿನ್ನಾಭಿಪ್ರಾಯವೇ ಇಲ್ಲ. ತಾನು ಪ್ರಯಾಣ ಹೊರಟ ದಿನ ಅದು ತನ್ನ ಮನೆಯ ಹೊಸಿಲ ಮುಂದೆ ಇರಬೇಕು. ಮಿಕ್ಕ ದಿನಗಳಲ್ಲಿ ಊರಾಚೆ, ಹಾರನ್ನು ಕೂಡ ಕೇಳಿಸದಷ್ಟು ದೂರ ಇರಬೇಕು. ಇಷ್ಟು ಸುಲಭವಾದ ಮಾತನ್ನು ತೀರ್ಮಾನ ಮಾಡುವುದಕ್ಕೆ ನಮ್ಮ ಮುಳಬಾಗಿಲಿನಲ್ಲಿ ಯುದ್ಧದ ಕಾಲದಲ್ಲಿ ಎಷ್ಟೋ ಸಭೆಗಳು ಕೂಡಿದವು, ಎಷ್ಟೋ ಲೋಟ ಕಾಫಿ ಖರ್ಚಾಯಿತು, ಬಾಲ್ಯದಿಂದ ಜೊತೆಗಿದ್ದವರು ಮಾತು ಬಿಟ್ಟರು. ಯೂರೋಪಿನಲ್ಲಿ ಯಾರು ಯಾವ ಊರು ಹಿಡಿದರು ಎಂಬುದಕ್ಕಿಂತ, ಮೋಟಾರು ಪೇಟೆ ಬೀದಿಯಲ್ಲೇ ನಿಲ್ಲುತ್ತದೋ ಕೆರೆ ಕೋಡಿಯ ಆಚೆಗೆ ಹೋಗುತ್ತದೋ ಎಂಬುದೇ ದೊಡ್ಡ ಸುದ್ದಿಯಾಯಿತು. ಆ ಗದ್ದಲದಲ್ಲೆಲ್ಲ ನನ್ನ ಅಭಿಪ್ರಾಯ ಒಂದಿತ್ತು. ಆದರೆ ಅದನ್ನು ನಾಲ್ಕು ಜನರ ಮುಂದೆ ಹೇಳುವಂತಿರಲಿಲ್ಲ. ಯಾಕೆ ಹೇಳುವಂತಿರಲಿಲ್ಲ ಎಂಬುದು ತಿಳಿಯಬೇಕಾದರೆ ಮೊದಲು ನನ್ನ ಕಸುಬು ತಿಳಿಯಬೇಕು.

ನನ್ನ ಕಸುಬು ದಾಕು ಹಾಕುವುದು. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಗೀರು ಹಾಕುವುದು, ಪ್ಲೇಗಿನ ಸುದ್ದಿ ಬಂದರೆ ದೊಡ್ಡವರಿಗೂ ಸೂಜಿ ಚುಚ್ಚುವುದು. ಸರ್ಕಾರಿ ಕೆಲಸ, ಪುಣ್ಯದ ಕೆಲಸ, ಎಲ್ಲ ನಿಜ. ಆದರೆ ಈ ಪುಣ್ಯವನ್ನು ಕೈಮುಗಿದು ತೆಗೆದುಕೊಂಡವರನ್ನು ನಾನು ಕಾಣೆ. ಕಾಯಿಲೆ ಬಂದರೆ ಜನ ಡಾಕ್ಟರನ್ನು ಕರೆಯುತ್ತಾರೆ, ಹೂವಿನ ಹಾರ ಹಾಕುತ್ತಾರೆ. ಕಾಯಿಲೆ ಬಾರದಂತೆ ಮಾಡುವವನನ್ನು ಕಂಡರೆ ಓಡುತ್ತಾರೆ. ನಾನು ಬೈರಕೂರಿನ ದಾರಿಯಲ್ಲಿ ಬರುತ್ತಿದ್ದೇನೆಂದು ಗೊತ್ತಾದರೆ ಸಾಕು, ಊರಿನ ಮಕ್ಕಳೆಲ್ಲ ಮಾವಿನ ತೋಪಿನೊಳಗೆ. ಯಲ್ದೂರಿನಲ್ಲಿ ಒಮ್ಮೆ ಮೀಸೆ ಹೊತ್ತ ಗೃಹಸ್ಥರೊಬ್ಬರು ಮರವನ್ನೇ ಹತ್ತಿ ಕೂತು, ತಾವು ಕಾಯಿ ಎಣಿಸುತ್ತಿದ್ದೇವೆ ಎಂದು ನನಗೆ ಹೇಳಿ ಕಳಿಸಿದರು. ಅದು ಮಾವು ಹೂ ಬಿಡುವುದಕ್ಕೂ ಮುಂಚಿನ ತಿಂಗಳು. ರಾಯಲ್ಪಾಡಿನ ಕಡೆ ತಾಯಂದಿರು ಹಟ ಮಾಡುವ ಮಕ್ಕಳನ್ನು ‘ಅದಿಗೋ, ಸೂದಿ ಅಯ್ಯೋರು ವಚ್ಚಿನಾರು’, ಸೂಜಿಯವರು ಬಂದರು, ಎಂದು ಹೆದರಿಸುತ್ತಾರೆ. ಅಲ್ಲಿ ಗುಮ್ಮನಿಗೆ ಕೆಲಸವಿಲ್ಲ. ಆ ಕೆಲಸವನ್ನೂ ಸರ್ಕಾರ ನನಗೇ ವಹಿಸಿದಂತಿದೆ.

ಹೊರಗಿನವರು ಓಡಿದರೂ ಮನೆಯಲ್ಲಿ ಒಬ್ಬಳು ಓಡದೆ ಇದ್ದಳು. ನನ್ನ ಹೆಂಡತಿ ಸಾವಿತ್ರಿ. ನಾವು ಮಾಲೂರಿನಲ್ಲಿದ್ದಾಗ ಅವಳು ವಿಷಮಶೀತ ಜ್ವರದಲ್ಲಿ ಹೋದಳು. ಅದಕ್ಕೆ ನನ್ನ ಚೀಲದಲ್ಲಿ ಏನೂ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಬದುಕಿದ್ದಾಗ ಅವಳು ಮಾತಿನಮಲ್ಲಿ. ಬೆಳಿಗ್ಗೆ ಒಲೆ ಹಚ್ಚುವಾಗ ಶುರುಮಾಡಿದ ಮಾತು ರಾತ್ರಿ ಹಾಸಿಗೆ ಹಾಸುವಾಗಲೂ ಮುಗಿದಿರುತ್ತಿರಲಿಲ್ಲ. ನಾನು ಪೇಪರಿನಿಂದ ತಲೆ ಎತ್ತದೆ ಹ್ಞೂಂಗುಟ್ಟುತ್ತಿದ್ದೆ. ಅವಳು ಹೋದ ಮೇಲೆ ಅದೇ ಪೇಪರನ್ನು ಒಂದು ಸಾಲೂ ಬಿಡದಂತೆ, ಟೆಂಡರು ಪ್ರಕಟಣೆಗಳ ತನಕ ಓದಿ ಮುಗಿಸಿದರೂ ಹೊತ್ತು ಮಿಗುತ್ತಿತ್ತು. ಆ ಮನೆಯಲ್ಲಿರಲಾರದೆ ವರ್ಗ ಕೇಳಿಕೊಂಡೆ. ಮುಳಬಾಗಿಲಿಗೆ ಹಾಕಿದರು.

ಇಲ್ಲಿ ಪೇಟೆ ಬೀದಿಯಲ್ಲಿ ಒಂದು ಮನೆ ಖಾಲಿ ಇತ್ತು. ಎದುರಿಗೆ ಜವಳಿ ಅಂಗಡಿ ಇಟ್ಟಿದ್ದ ಚೆಂಗಲ್ರಾಯ ಶೆಟ್ಟರು ಮನೆಯ ಯಜಮಾನರು, ಜೊತೆಗೆ ಪುರಸಭೆಯ ಸದಸ್ಯರು. ಒಳ್ಳೆಯ ಮನೆ, ಬಾವಿಯಲ್ಲಿ ಸಿಹಿನೀರು, ಮುಂದೆ ಉದ್ದನೆಯ ಕಲ್ಲು ಜಗುಲಿ. ಆದರೂ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಕೋಲಾರ, ಶ್ರೀನಿವಾಸಪುರಗಳ ಮೋಟಾರುಗಳೆಲ್ಲ ನಿಲ್ಲುತ್ತಿದ್ದದ್ದು ಸರಿಯಾಗಿ ಆ ಜಗುಲಿಯ ಮುಂದೆ. ಮೋಟಾರು ಕಂಪನಿಯ ಏಜೆಂಟು ಖಾದರ್ ಸಾಬರು ಟಿಕೆಟ್ಟಿನ ತಗಡು ಪೆಟ್ಟಿಗೆ ಇಟ್ಟುಕೊಂಡು ಅದರ ಒಂದು ಮೂಲೆಯಲ್ಲಿ ಕೂರುತ್ತಿದ್ದರು. ಪ್ರಯಾಣಿಕರು ಮಿಕ್ಕ ಜಗುಲಿಯಲ್ಲಿ ಗಂಟು, ಮೂಟೆ, ಕೋಳಿ, ಕೂಸುಗಳ ಸಮೇತ ಕೂರುತ್ತಿದ್ದರು. ಮನೆ ತೋರಿಸುವಾಗ ಶೆಟ್ಟರು, “ಸ್ವಲ್ಪ ಗಲಾಟೆ ರಾಯರೇ, ಹೊಂದ್ಕೊಂಡು ಹೋಗ್ಬೇಕು” ಎಂದು ಸಂಕೋಚಪಟ್ಟರು. ನಾನು ಆ ದಿನವೇ ಹಾಸಿಗೆ ತಂದು ಹಾಕಿದೆ.

ಆಗ ಪೆಟ್ರೋಲಿಗೆ ಬರಗಾಲ. ಮೋಟಾರುಗಳೆಲ್ಲ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಸ್ನಾನದ ಹಂಡೆಯ ಅಣ್ಣನಂಥ ಒಂದು ಉದ್ದನೆಯ ಒಲೆ. ಅದಕ್ಕೆ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಕ್ಲೀನರು ತಿರುಗಣೆ ಹಿಡಿದು ಗಾಳಿ ಹೊಡೆಯಬೇಕು. ಗ್ಯಾಸು ತುಂಬಿದರೆ ಬಸ್ಸು ಹೊರಡುತ್ತದೆ. ತುಂಬದಿದ್ದರೆ ಪ್ರಯಾಣಿಕರು ಇಳಿದು ಮತ್ತೆ ಜಗುಲಿಯ ಮೇಲೆ ಕೂರುತ್ತಾರೆ. ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಯಾರಾದರೂ ಕೇಳಿದರೆ ಖಾದರ್ ಸಾಬರು ಒಲೆಯ ಕಡೆ ಕೈ ತೋರಿಸಿ, ಅದನ್ನೇ ಕೇಳಿ ಎನ್ನುತ್ತಿದ್ದರು. ಊರೆಲ್ಲ ಇದನ್ನು ಶಪಿಸುತ್ತಿತ್ತು. ನನಗೆ ಮಾತ್ರ ಯುದ್ಧದಿಂದ ಆದ ಉಪಕಾರ ಇದೊಂದೇ.

ಯಾಕೆಂದರೆ ಕೋಟು, ರುಮಾಲು, ಚೀಲ ಒಳಗಿಟ್ಟು, ಬರೀ ಪಂಚೆ ಬನಿಯನ್ನಿನಲ್ಲಿ ಜಗುಲಿಗೆ ಬಂದು ಕೂತರೆ ನಾನು ಯಾರೆಂದು ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಪಕ್ಕದಲ್ಲಿ ಕೂತವರು ಸರಿದು ಜಾಗ ಕೊಡುತ್ತಿದ್ದರು. ಎಲೆ ಅಡಿಕೆ ಕೊಡುತ್ತಿದ್ದರು. ಮಗಳಿಗೆ ಗಂಡು ನೋಡಲು ಹೊರಟವರು ಹುಡುಗನ ನಡತೆ ಹೇಗಿರಬಹುದೆಂದು ನನ್ನನ್ನು ಕೇಳುತ್ತಿದ್ದರು. ಒಂದು ದಿನ ಗಂಡ ಹೆಂಡತಿ ಇಬ್ಬರು, ಮೊದಲು ಶ್ರೀನಿವಾಸಪುರದ ಅವನ ಅಕ್ಕನ ಮನೆಗೆ ಹೋಗಬೇಕೋ ಕೋಲಾರದ ಅವಳ ತಮ್ಮನ ಮನೆಗೆ ಹೋಗಬೇಕೋ ಎಂದು ಜಗಳಕ್ಕೆ ನಿಂತು, ನನ್ನನ್ನೇ ಪಂಚಾಯ್ತಿಗೆ ಕೂರಿಸಿದರು. ನಾನು ಎರಡೂ ಕಡೆಯ ವಾದ ಕೇಳಿ ತೀರ್ಪು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೋಲಾರದ ಬಸ್ಸಿಗೆ ಗ್ಯಾಸು ತುಂಬಿತು, ಹೆಂಡತಿ ಗೆದ್ದಳು. ಹೀಗೆ ನನ್ನ ಪಾಲಿಗೆ ಬರುತ್ತಿದ್ದದ್ದೆಲ್ಲ ಅರ್ಧ ಕಥೆಗಳೇ. ಸಂಜೆ ಒಬ್ಬನೇ ಅನ್ನ ಬೇಯಿಸಿಕೊಳ್ಳುವಾಗ ಮಿಕ್ಕ ಅರ್ಧವನ್ನು ನಾನೇ ಸೇರಿಸಿಕೊಳ್ಳುತ್ತಿದ್ದೆ. ಆ ಹುಡುಗಿಗೆ ಗಂಡು ಒಪ್ಪಿಗೆಯಾಯಿತೆಂದೂ, ಆ ಅಕ್ಕ ಕೋಪ ಮಾಡಿಕೊಳ್ಳಲಿಲ್ಲವೆಂದೂ. ಎಷ್ಟೋ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತದ್ದುಂಟು.

ಖಾದರ್ ಸಾಬರು ಪ್ರಯಾಣಿಕರಂತೆ ಬಂದು ಹೋಗುವವರಲ್ಲ, ನನ್ನ ದಿನದ ಸಂಗಾತಿ. ಬೆಳಿಗ್ಗೆ ಮೊದಲ ಬಸ್ಸು ಹೊರಟ ಮೇಲೆ ನಾನು ಕಾಫಿ ಮಾಡಿ ಅವರಿಗೊಂದು ಲೋಟ ತಂದುಕೊಡುತ್ತಿದ್ದೆ. ಕಾಫಿ ಚೆನ್ನಾಗಿರುತ್ತಿರಲಿಲ್ಲ. ಅವರು ಹಾಗೆಂದು ಒಂದು ದಿನವೂ ಹೇಳಲಿಲ್ಲ. ಕುಡಿದ ಮೇಲೆ ಸ್ವಲ್ಪ ಹೊತ್ತು ಕೆರೆಯ ಕಡೆ ನೋಡುತ್ತಿದ್ದರು, ಅಷ್ಟೆ.

ಹೀಗಿರುವಾಗ ಸ್ಟ್ಯಾಂಡನ್ನು ಎತ್ತಬೇಕೆಂಬ ಮಾತು ಹುಟ್ಟಿತು. ಪುರಸಭೆಯಲ್ಲಿ ವಕೀಲರೊಬ್ಬರಿದ್ದರು. ಬೀದಿಯ ತುಂಬ ಹೊಗೆ, ಎಂಜಲೆಲೆ, ಉಗುಳು. ಮೋಟಾರು ಕೆರೆ ಕೋಡಿಯ ಆಚೆಗೆ ಹೋಗಲೇಬೇಕೆಂದು ಅವರು ಹಟ ಹಿಡಿದರು. ಕೋಡಿಯ ಆಚೆ ಅವರದೊಂದು ಖಾಲಿ ಜಮೀನಿತ್ತು ಎಂಬುದನ್ನು ಅವರು ಹೇಳಲಿಲ್ಲ, ಶೆಟ್ಟರು ಹೇಳಿದರು. ಬಸ್ಸು ಇಲ್ಲೇ ಇದ್ದರೆ ಹಳ್ಳಿಯವರಿಗೆ ಅನುಕೂಲ, ಹೆಂಗಸರು ಮಕ್ಕಳು ಅಷ್ಟು ದೂರ ನಡೆಯಲಾರರು ಎಂದು ಶೆಟ್ಟರು ವಾದಿಸಿದರು. ಬಸ್ಸಿಗೆ ಕಾಯುವ ಹೆಂಗಸರು ಎದುರಿಗೆ ನೇತುಹಾಕಿದ ಸೀರೆಗಳನ್ನು ನೋಡುತ್ತಾರೆ ಎಂಬುದನ್ನು ಅವರು ಹೇಳಲಿಲ್ಲ, ವಕೀಲರು ಹೇಳಿದರು. ಸದಸ್ಯರು ಸಮಸಮ ಒಡೆದರು. ಅಧ್ಯಕ್ಷರು ಎರಡೂ ಕಡೆಗೆ ಬೇಕಾದವರು; ಇದು ಆರೋಗ್ಯದ ಪ್ರಶ್ನೆ, ಆರೋಗ್ಯ ಇಲಾಖೆಯವರು ಹೇಳಿದಂತೆ ಆಗಲಿ ಎಂದುಬಿಟ್ಟರು. ಡಾಕ್ಟರು ರಜದ ಮೇಲೆ ಊರಿಗೆ ಹೋಗಿದ್ದರು. ಹೀಗಾಗಿ ಮುಳಬಾಗಿಲಿನಲ್ಲಿ ಆರೋಗ್ಯ ಇಲಾಖೆ ಎಂದರೆ ಉಳಿದವನು ನಾನೊಬ್ಬನೇ.

ಮುಂದಿನ ಸಭೆಯ ತನಕ ನನ್ನಷ್ಟು ಬೇಕಾದ ಮನುಷ್ಯ ಆ ಊರಿನಲ್ಲಿರಲಿಲ್ಲ. ನನ್ನನ್ನು ಕಂಡರೆ ಬೀದಿಯ ಆಚೆ ಬದಿಗೆ ಹೋಗುತ್ತಿದ್ದವರು ಈಚೆ ಬದಿಗೆ ಬಂದು ನಮಸ್ಕಾರ ಎಂದರು. ಶೆಟ್ಟರ ಮನೆಯಿಂದ ಇಡ್ಲಿ ಬಂತು. ವಕೀಲರ ಮನೆಯಿಂದ ಅದಕ್ಕೆ ಸರಿಯಾಗಿ ಚಟ್ನಿ ಬಂತೆನ್ನಬೇಕು. ಕಡಲೆಕಾಯಿ ಚಟ್ನಿ, ಬಹಳ ಚೆನ್ನಾಗಿತ್ತು. ನಾನು ಇಬ್ಬರಿಗೂ ತಲೆ ಆಡಿಸಿದೆ. ಒಳಗೊಳಗೆ ತೀರ್ಮಾನ ಆಗಿಯೇ ಇತ್ತು. ಬಸ್ಸು ಇಲ್ಲೇ ಇರಬೇಕು. ಬೇರೆ ಕಡೆ ನಿಂತರೆ ಸಾಂಕ್ರಾಮಿಕ ರೋಗ ಹರಡಿದಾಗ ಪ್ರಯಾಣಿಕರ ಮೇಲೆ ಕಣ್ಣಿಡುವುದು ಕಷ್ಟ, ಇಲ್ಲಾದರೆ ಇಲಾಖೆಯ ಮನುಷ್ಯ ಪಕ್ಕದಲ್ಲೇ ಇರುತ್ತಾನೆ ಎಂದು ಒಂದು ಗಟ್ಟಿ ಕಾರಣವನ್ನೂ ಹುಡುಕಿಟ್ಟುಕೊಂಡಿದ್ದೆ. ಕಾರಣಗಳಿಗೇನು, ಕಡಲೆಕಾಯಿಯಂತೆ, ಕೆದಕಿದಷ್ಟೂ ಸಿಗುತ್ತವೆ.

ನನ್ನ ಪಕ್ಕದ ಮನೆಯಲ್ಲಿ ವೆಂಕಮ್ಮನವರೆಂಬ ವಿಧವೆ ಇದ್ದರು. ಮಗ ಕೋಲಾರದ ಕಚೇರಿಯಲ್ಲಿ ನೌಕರ. ಸೊಸೆ ಬಾಣಂತನ ಮುಗಿಸಿಕೊಂಡು ಕೈಕೂಸಿನೊಡನೆ ಅತ್ತೆಯ ಹತ್ತಿರ ಬಂದಿದ್ದಳು. ಮಗುವಿಗೆ ನಾನು ದಾಕು ಹಾಕಿಬಿಟ್ಟೇನೆಂದು ವೆಂಕಮ್ಮನವರು ಅದನ್ನು ನನ್ನ ಕಣ್ಣಿಗೇ ಬೀಳಿಸುತ್ತಿರಲಿಲ್ಲ. ಗೋಡೆಯ ಆಚೆ ಅಳು ಕೇಳಿಸಿದಾಗ ಎಷ್ಟು ತಿಂಗಳ ಮಗು ಎಂದು ಕೇಳಿದರೆ, ಯಾವ ಮಗು ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಶ್ರೀನಿವಾಸಪುರದ ಬಸ್ಸಿನ ಇದ್ದಿಲು ಹಸಿಯಾಗಿತ್ತೋ ಏನೋ, ಹೊಗೆ ಮೇಲೆ ಹೋಗದೆ ಬೀದಿಯಲ್ಲೇ ಕವಿಯಿತು. ಗಾಳಿ ಬೀಸಿದ್ದು ವೆಂಕಮ್ಮನವರ ಮನೆಯ ಕಡೆಗೆ. ನಾನು ಜಗುಲಿಯ ಮೇಲೆ ಯಾರದೋ ದಾಯಾದಿ ಜಗಳ ಕೇಳುತ್ತಾ ಕೂತಿದ್ದೆ. ಅಷ್ಟರಲ್ಲಿ ವೆಂಕಮ್ಮನವರು ಮಗುವನ್ನು ಎತ್ತಿಕೊಂಡು ಓಡಿಬಂದರು. ಹಿಂದೆಯೇ ಸೊಸೆ. ಮಗು ಕೆಮ್ಮಿ ಕೆಮ್ಮಿ ಉಸಿರು ಸಿಕ್ಕದೆ, ತುಟಿ ನೀಲಿಗಟ್ಟಿತ್ತು. ವೆಂಕಮ್ಮನವರು ಏನನ್ನೂ ಕೇಳಲಿಲ್ಲ. ಮಗುವನ್ನು ನೇರವಾಗಿ ನನ್ನ ಕೈಗಿಟ್ಟರು.

ಇಷ್ಟು ವರ್ಷದ ನೌಕರಿಯಲ್ಲಿ ಯಾರಾದರೂ ತಾವಾಗಿ ನನ್ನ ಕೈಗೆ ಮಗು ಕೊಟ್ಟದ್ದು ಅದೇ ಮೊದಲು. ಮಕ್ಕಳನ್ನು ಹಿಡಿಯುವುದು ನನಗೆ ಗೊತ್ತಿತ್ತು, ಎತ್ತಿಕೊಳ್ಳುವುದು ಗೊತ್ತಿರಲಿಲ್ಲ. ಹೇಗೋ ಎದೆಗೆ ಅವಚಿಕೊಂಡು ಮನೆಯೊಳಗಿಂದ ಹಿತ್ತಿಲಿಗೆ ಓಡಿದೆ. ಅಲ್ಲಿ ಗಾಳಿ ಚೊಕ್ಕಟವಾಗಿತ್ತು. ಬೆನ್ನು ಸವರುತ್ತಾ ಬಾವಿಯ ಸುತ್ತ ಓಡಾಡಿದೆ. ಸ್ವಲ್ಪ ಹೊತ್ತಿಗೆ ಮಗು ದೊಡ್ಡದಾಗಿ ಒಂದು ಉಸಿರೆಳೆದು, ಕಿರುಚಿ ಅತ್ತಿತು. ಮಕ್ಕಳು ನನ್ನ ಕೈಯಲ್ಲಿ ಅಳುವುದು ಹೊಸದಲ್ಲ. ಆದರೆ ಆ ಅಳು ಕೇಳಿ ನಾನು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅತ್ತು ಸುಸ್ತಾಗಿ ಅದು ನನ್ನ ಭುಜದ ಮೇಲೆಯೇ ನಿದ್ದೆಹೋಯಿತು. ಮುಂಗಡೆಯಲ್ಲಿ ಖಾದರ್ ಸಾಬರು, ಶ್ರೀನಿವಾಸಪುರ, ಶ್ರೀನಿವಾಸಪುರ ಎಂದು ಕೂಗುತ್ತಿದ್ದರು. ನನ್ನ ಗಟ್ಟಿ ಕಾರಣ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಆ ದಿನ ಬಸ್ಸು ಹೊರಟ ಮೇಲೆ ಖಾದರ್ ಸಾಬರಿಗೆ ಕಾಫಿ ಕೊಟ್ಟು, ಸಭೆಯಲ್ಲಿ ನಾನು ಏನು ಹೇಳಬೇಕೆಂದಿದ್ದೇನೆ ಎಂಬುದನ್ನು ಮೊದಲು ಅವರಿಗೇ ಹೇಳಿದೆ. ಅವರು ಲೋಟ ಕೆಳಗಿಟ್ಟರು.

“ಹೇಳಿ ಸ್ವಾಮಿ. ಅದೇ ಸರಿ. ನನಗೇನು, ಈ ಪೆಟ್ಟಿಗೆ ಇಡೋಕೆ ಒಂದು ಕಲ್ಲು ಸಿಕ್ಕಿದರೆ ಅಲ್ಲೂ ಕೂತ್ಕೋತೀನಿ” ಎಂದರು. ಆಮೇಲೆ “ನೀವೇನು ಮಾಡ್ತೀರಿ?” ಎಂದು ಕೇಳಿದರು.

ನನ್ನ ಹೊಟ್ಟೆಯೊಳಗಿನ ಗುಟ್ಟು ಅವರಿಗೆ ಎಂದಿನಿಂದ ಗೊತ್ತಿತ್ತೋ. ನನಗೇನಾಗಬೇಕು, ಕೈತುಂಬ ಕೆಲಸವಿದೆ ಎಂದೆ. ಅವರು ಕೆರೆಯ ಕಡೆ ನೋಡಿದರು.

ಸಭೆಯಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಇದ್ದಿಲ ಹೊಗೆ ಕೂಸುಗಳಿಗೂ ಮುದುಕರಿಗೂ ವಿಷ, ಮನೆಗಳ ನಡುವೆ ಅದು ಕೂಡದು, ಸ್ಟ್ಯಾಂಡು ಊರಾಚೆಗೆ ಹೋಗಬೇಕು ಎಂದೆ. ವಕೀಲರು ಮೇಜು ಕುಟ್ಟಿದರು. ಶೆಟ್ಟರು ನನ್ನ ಕಡೆ ಒಮ್ಮೆ ನೋಡಿದರು. ತಿಂದ ಇಡ್ಲಿ ಮತ್ತೆ ನೆನಪಾಯಿತು. ಆ ತಿಂಗಳೇ ಕೆರೆ ಕೋಡಿಯ ಆಚೆ ಒಂದು ತಗಡಿನ ಚಪ್ಪರ ಎದ್ದಿತು. ಖಾದರ್ ಸಾಬರು ತಗಡು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು, ಜಗುಲಿಯ ಮೂಲೆಯನ್ನು ಹೆಗಲ ವಸ್ತ್ರದಿಂದ ಒರೆಸಿ, ಬರ್ತೀನಿ ಸ್ವಾಮಿ ಎಂದು ಹೊರಟರು.

ಮಾರನೆಯ ಬೆಳಿಗ್ಗೆ ಎದ್ದು ಜಗುಲಿಗೆ ಬಂದರೆ ಬೀದಿಯ ಆ ತುದಿಯಿಂದ ಈ ತುದಿಯ ತನಕ ಒಂದು ನರಪಿಳ್ಳೆಯಿಲ್ಲ. ಎಣ್ಣೆ ಗಾಣದ ಸದ್ದು ಎಲ್ಲೋ ದೂರದಿಂದ ಬರುತ್ತಿತ್ತು. ಎರಡು ಲೋಟ ಕಾಫಿ ಮಾಡಿದ್ದೆ. ಎರಡನ್ನೂ ಕುಡಿದೆ, ನನ್ನ ಕಾಫಿಯ ನಿಜವಾದ ರುಚಿ ಗೊತ್ತಾದದ್ದು ಅವತ್ತೇ. ಖಾದರ್ ಸಾಬರು ದೊಡ್ಡ ಮನುಷ್ಯರು.

ಅದಕ್ಕಿಂತ ಕಷ್ಟವಾದದ್ದು ಬೀದಿಯವರ ಕೃತಜ್ಞತೆ. ಹೋಗುವವರು ಬರುವವರೆಲ್ಲ ನಿಂತು, “ನಿಮ್ಮ ಪುಣ್ಯ ರಾಯರೇ, ಈಗ ಬೀದಿ ಎಷ್ಟು ನೆಮ್ಮದಿಯಾಗಿದೆ ನೋಡಿ” ಎಂದು ಹೇಳಿ ಹೋಗುತ್ತಿದ್ದರು. ಹೇಳಿ, ಹೋಗುತ್ತಿದ್ದರು. ಕೂರುತ್ತಿರಲಿಲ್ಲ. ವೆಂಕಮ್ಮನವರು ಮಗುವಿಗೆ ತಾವೇ ಕರೆದು ದಾಕು ಹಾಕಿಸಿದರು. ಅದು ನನ್ನ ಮೇಲೆ ಎಷ್ಟು ಸಿಟ್ಟುಮಾಡಿಕೊಂಡಿತೆಂದರೆ, ಆಮೇಲೆ ನನ್ನ ದನಿ ಕೇಳಿದರೆ ಸಾಕು, ಗೋಡೆಯ ಆಚೆ ಅಳು ಶುರುವಾಗುತ್ತಿತ್ತು. ಹಾಗಾಗಿ ನಾನು ಮನೆಯಲ್ಲಿ ಗಟ್ಟಿಯಾಗಿ ಪೇಪರು ಓದಿಕೊಳ್ಳುವುದನ್ನೂ ಬಿಡಬೇಕಾಯಿತು.

ಕೆಲವು ದಿನ ತಡೆದೆ. ಆಮೇಲೆ ಒಂದು ಸಂಜೆ ಕೋಟು ರುಮಾಲು ಹಾಕಿಕೊಂಡು, ಸ್ಟ್ಯಾಂಡಿನ ಚೊಕ್ಕಟ ನೋಡುವ ನೆವದಲ್ಲಿ ಕೋಡಿಯ ಆಚೆಗೆ ಹೋದೆ. ಚಪ್ಪರದ ಕೆಳಗೆ ಕೂತಿದ್ದ ಹೆಂಗಸರು ನನ್ನ ಚೀಲ ಕಂಡು ಮಕ್ಕಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಗಂಡಸರು ಎದ್ದು ಸ್ವಲ್ಪ ದೂರ ಹೋಗಿ ನಿಂತು ಕೆರೆಯ ನೀರಿನ ಮಟ್ಟ ನೋಡತೊಡಗಿದರು. ಖಾದರ್ ಸಾಬರು ನನ್ನನ್ನು ಪಕ್ಕಕ್ಕೆ ಕರೆದು, “ಕೋಟು ಬಿಟ್ಟು ಬನ್ನಿ ಸ್ವಾಮಿ” ಎಂದು ಮೆಲ್ಲಗೆ ಹೇಳಿದರು. ಕೋಟು ಬಿಟ್ಟರೆ ಅಷ್ಟು ದೂರ ಯಾಕೆ ಬಂದೆನೆಂಬುದಕ್ಕೆ ನೆವವೇ ಇರುವುದಿಲ್ಲ. ಮೋಟಾರ್ ಸ್ಟ್ಯಾಂಡಿಗೆ ಬರಿಗೈಯಲ್ಲಿ ಬಂದು ಕೂರುವವನನ್ನು ಲೋಕ ಕಳ್ಳ ಎನ್ನುತ್ತದೆ, ಇಲ್ಲವೇ ಹುಚ್ಚ ಎನ್ನುತ್ತದೆ. ಮರ್ಯಾದಸ್ಥನಾಗಿ ಅಲ್ಲಿ ಕೂರಬೇಕಾದರೆ ಒಂದೇ ದಾರಿ. ಮುಂದಿನ ಭಾನುವಾರ ಮಡಿ ಪಂಚೆ ಉಟ್ಟು ಹೋಗಿ ಕೋಲಾರಕ್ಕೆ ಟಿಕೆಟ್ಟು ಕೊಂಡೆ.

ಕೋಲಾರದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಇಳಿದ ಜಾಗದಲ್ಲೇ ಒಂದು ಹುಣಸೆಮರದ ಬುಡದಲ್ಲಿ ಕೂತೆ. ಪಕ್ಕದಲ್ಲಿ ರಾಯಲ್ಪಾಡಿನ ಕಡೆಯ ಒಬ್ಬ ಮುದುಕಿ ದೊಡ್ಡ ಗಂಟು ಇಟ್ಟುಕೊಂಡು ಕೂತಿದ್ದಳು. ಗಂಟು ನೋಡಿಕೊಳ್ಳುವಂತೆ ಹೇಳಿ ನೀರು ಕುಡಿಯಲು ಹೋದಳು. ನನ್ನನ್ನು ನಂಬಿ ಒಬ್ಬರು ಗಂಟು ಬಿಟ್ಟುಹೋದರಲ್ಲ ಎಂದು ನಾನು ಅದರ ಮೇಲೆ ಕೈಯಿಟ್ಟುಕೊಂಡು ಕೂತೆ. ತಿರುಗಿ ಬಂದವಳು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ತನ್ನ ಕಥೆ ಶುರುಮಾಡಿದಳು. ಮಗಳಿಗೆ ಹೆರಿಗೆ ಮಾಡಿಸಿಬಂದದ್ದು, ಅಳಿಯ ಗೊಣಗಿದ್ದು, ಬೀಗಿತ್ತಿ ತುಪ್ಪ ಮುಚ್ಚಿಟ್ಟದ್ದು. ಅವಳ ಬಸ್ಸಿಗೆ ಗ್ಯಾಸು ತುಂಬುತ್ತಲೇ ಇರಲಿಲ್ಲ. ಮಧ್ಯದಲ್ಲಿ ಅವಳು ನಿಲ್ಲಿಸಿ, ನಿನ್ನನ್ನು ಹಿಡಿದು ಕೂರಿಸಿಕೊಂಡೆನೇನೋ, ಮನೆಯಲ್ಲಿ ಯಾರು ಕಾಯುತ್ತಾರೆ ಎಂದು ಕೇಳಿದಳು.

ಯಾರೂ ಇಲ್ಲವಮ್ಮ ಎಂದೆ.

ಅಯ್ಯೋ ಪಾಪ ಎನ್ನುತ್ತಾಳೆ ಎಂದುಕೊಂಡಿದ್ದೆ. ಸಾವಿತ್ರಿ ಹೋದಾಗಿನಿಂದ ಆ ಮಾತನ್ನು ಕೇಳಿ ಕೇಳಿ ಅದಕ್ಕೆ ಹಲ್ಲುಕಚ್ಚಿ ಸಿದ್ಧನಾಗಿರುತ್ತಿದ್ದೆ. ಅವಳು ಹಾಗೆನ್ನಲಿಲ್ಲ.

“ಹಂಗಾದ್ರೆ ಅವಸರ ಇಲ್ಲ. ಕೂತ್ಕೋ ನಾಯನಾ” ಎಂದು ಹೇಳಿ, ತುಪ್ಪದ ಕಥೆಯನ್ನು ಬಿಟ್ಟಲ್ಲಿಂದ ಹಿಡಿದಳು.

ಅವತ್ತು ನಾನು ಒಂದು ಕಥೆಯನ್ನು ಕೊನೆಯ ತನಕ ಕೇಳಿದೆ. ಹೋಗುವಾಗ ಅವಳು ಗಂಟು ಬಿಚ್ಚಿ ಒಂದು ಹಿಡಿ ಹುರಿಗಡಲೆ ಕೊಟ್ಟಳು. ಮುಳಬಾಗಿಲಿಗೆ ತಿರುಗಿ ಬರುವಾಗ ಅದನ್ನು ಒಂದೊಂದಾಗಿ ತಿಂದೆ.

ಅಂದಿನಿಂದ ಪ್ರತಿ ಭಾನುವಾರ ಮಡಿ ಪಂಚೆ, ಕೋಲಾರದ ಬಸ್ಸು, ಹುಣಸೆಮರ. ಇದರಿಂದ ಯಾರಿಗೂ ಏನೂ ಕೆಡುಕಿಲ್ಲ ಎಂದುಕೊಂಡಿದ್ದೆ. ಆದರೆ ಮುಳಬಾಗಿಲಿನಂಥ ಊರಿನಲ್ಲಿ, ಹೆಂಡತಿ ಸತ್ತ ಗಂಡಸೊಬ್ಬ ವಾರವಾರ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೋಲಾರಕ್ಕೆ ಹೋಗಿಬಂದರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಒಂದು ಭಾನುವಾರ ಖಾದರ್ ಸಾಬರು ಟಿಕೆಟ್ಟು ಹರಿದುಕೊಡುತ್ತಾ, ನನಗೆ ಕೋಲಾರದಲ್ಲಿ ಎರಡನೆಯ ಸಂಬಂಧ ಕುದುರುತ್ತಿದೆಯಂತೆ, ಹುಡುಗಿಯ ತಂದೆಗೆ ಸ್ವಂತ ಮನೆಯಿದೆಯಂತೆ ಎಂದು ನಗದೆ ಹೇಳಿದರು. ನಾನು ಗಾಬರಿಯಾದೆ. ಊರಿಗೆ ತಿರುಗಿ ಬಂದ ಕೂಡಲೇ ಕಂಡವರಿಗೆಲ್ಲ ಇದು ಸುಳ್ಳೆಂದು ಹೇಳಿಬಿಡಬೇಕೆಂದು ನಿಶ್ಚಯ ಮಾಡಿಕೊಂಡೆ.

ಆ ಸಂಜೆ ಬಾಗಿಲು ತೆಗೆದು ದೀಪ ಹಚ್ಚುವಷ್ಟರಲ್ಲಿ ಶೆಟ್ಟರು ಅಂಗಡಿಯಿಂದ ಎದ್ದುಬಂದರು. ಸಭೆಯ ದಿನದಿಂದ ಮಾತು ಬಿಟ್ಟಿದ್ದವರು ಜಗುಲಿಯ ಮೇಲೆ ಕೂತು, ಮದುವೆಗೆ ಧಾರೆ ಸೀರೆ ತಮ್ಮಲ್ಲೇ ತೆಗೆದುಕೊಳ್ಳಬೇಕೆಂದರು. ಆ ಬೆನ್ನಿಗೆ ಎದುರು ಮನೆಯ ಪುರೋಹಿತರು ಗೋತ್ರ ವಿಚಾರಿಸಿಕೊಂಡು ಬಂದರು. ಅವರ ದನಿ ಕೇಳಿ ವೆಂಕಮ್ಮನವರೂ ಬಂದು, ಸೆರಗಿನಿಂದ ಕಲ್ಲಿನ ಧೂಳು ಹೊಡೆದು, ಕಂಬಕ್ಕೆ ಒರಗಿ ಅನುಕೂಲವಾಗಿ ಕೂತರು.

“ಹೆಣ್ಣಿನ ಕಡೆಯವರು ಏನಂದ್ರು ರಾಯರೇ?” ಎಂದು ಕೇಳಿದರು.

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅವರು ಎದ್ದುಹೋಗುತ್ತಾರೆ ಎಂಬುದೂ ಗೊತ್ತಿತ್ತು.

“ನೋಡೋಣಮ್ಮ” ಎಂದು ಹೇಳಿ, ಕಾಫಿ ಮಾಡಲು ಒಳಗೆ ಹೋದೆ.